ಸಾಣೆಗಾರರ ಉಬ್ಬಸ

ಹಿಂದಿನ ತಲೆಮಾರಿನ ಕ್ಷೌರಿಕರ ಹಡಪದಲ್ಲಿ ಶೆಫೀಲ್ಡ್ ಮುದ್ರೆಯ ಕತ್ತಿಯೊಂದಿದ್ದರೆ ಅದಕ್ಕೆ ಸಲ್ಲುತ್ತಿದ್ದ ಮರ್ಯಾದೆಯೇ ಬೇರೆ. ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಆ ಊರಿನ ಅಲಗುಗಳು 14ನೆಯ ಶತಮಾನದಲ್ಲಿಯೇ ಹೆಸರಾಗಿದ್ದವು. ಚಾಸರ್ ಕವಿ ತನ್ನ ಕಥೆಯೊಂದರಲ್ಲಿ ಬರುವ ಗಿರಣಿಯವನ ಕಾಲುಚೀಲದಲ್ಲಿ ಶೆಫೀಲ್ಡಿನ ಚೂರಿಯನ್ನೇ ಸಿಕ್ಕಿಸಿದ್ದಾನೆ. ಅಲಗಿನ ಕೀರ್ತಿ ಹೀಗೆ ಕಾವ್ಯವನ್ನೇರಿತು. ಅದನ್ನು ಮಸೆದವನ ಎದೆಯೊಳಗೆ ಏನು ನಡೆಯುತ್ತಿದ್ದಿತೆಂಬುದನ್ನು ಬರೆದಿಡಲು ಮಾತ್ರ ಇನ್ನೂ ನಾಲ್ಕು ಶತಮಾನಗಳು ಕಳೆಯಬೇಕಾಯಿತು.

ಕುಲುಮೆಯಲ್ಲಿ ಬಡಿದು ಹದಗೊಳಿಸಿದ ಉಕ್ಕಿಗೆ ಬಾಯಿ ಬರುವುದು ಸಾಣೆಯ ಮೇಲೆ. ಶೆಫೀಲ್ಡಿನ ಸಾಣೆಯೆಂದರೆ ಮರಳುಗಲ್ಲಿನ ದೊಡ್ಡ ಚಕ್ರ. ಸಾಣೆಗಾರನು ಅದರ ಹಿಂದೆ ಮರದ ಪೀಠವೊಂದನ್ನು ಕುದುರೆಯಂತೆ ಏರಿ ಕುಳಿತು (ಆ ಪೀಠಕ್ಕೆ ಅವರ ಆಡುಮಾತಿನಲ್ಲಿ ಕುದುರೆಯ ಹೆಸರೇ ಇದ್ದಿತು) ಮುಂದಕ್ಕೆ ಬಾಗಿ ಅಲಗನ್ನು ಕಲ್ಲಿಗೆ ಒತ್ತುತ್ತಿದ್ದನು. ಮುಖಕ್ಕೂ ಕಲ್ಲಿಗೂ ನಡುವೆ ಅಂತರ ಅತ್ಯಲ್ಪ. ಮೊದಮೊದಲು ಈ ಚಕ್ರಗಳನ್ನು ತಿರುಗಿಸುತ್ತಿದ್ದುದು ಹೊಳೆಯ ನೀರು. ಬೇಸಗೆಯಲ್ಲಿ ನೀರು ಬತ್ತಿದರೆ ಕೆಲಸವೂ ನಿಲ್ಲುತ್ತಿದ್ದಿತು. ಕೂಲಿಗೆ ನಷ್ಟವಾದರೂ ಎದೆಗೆ ಅಷ್ಟು ವಿಶ್ರಾಂತಿ. 18ನೆಯ ಶತಮಾನದ ಕೊನೆಯಲ್ಲಿ ಉಗಿಯಂತ್ರ ಬಂದ ಮೇಲೆ ಬತ್ತುವ ಮಾತೇ ಉಳಿಯಲಿಲ್ಲ. ಹೊಳೆಯ ದಂಡೆಯ ತೆರೆದ ಮನೆಗಳನ್ನು ಬಿಟ್ಟು ಸಾಣೆಗಾರರು ಪಟ್ಟಣದ ಇಕ್ಕಟ್ಟಾದ ಕೋಣೆಗಳಿಗೆ ಬಂದು, ಒಬ್ಬನೆಬ್ಬಿಸಿದ ಧೂಳನ್ನು ಇನ್ನೊಬ್ಬನು ಸೇದುವಂತಾಯಿತು.

ಆ ಊರಿನ ವೈದ್ಯ ಆರ್ನಲ್ಡ್ ನೈಟ್ ಕೊಟ್ಟ ಲೆಕ್ಕವನ್ನು ಎಂಗೆಲ್ಸ್ 1845ರ ತನ್ನ ಗ್ರಂಥದಲ್ಲಿ ಉದ್ಧರಿಸಿದ್ದಾನೆ. ಶೆಫೀಲ್ಡಿನಲ್ಲಿ ಸುಮಾರು 2,500 ಸಾಣೆಗಾರರು. ಅವರಲ್ಲಿ ಊಟದ ಮುಳ್ಳುಚಮಚವನ್ನು ಒಣಗಲ್ಲಿನ ಮೇಲೆ ಮಸೆಯುವವರು 150 ಮಂದಿ. ಅವರಲ್ಲಿ 70 ಜನ ಹುಡುಗರು. ಇವರು ಸಾಯುತ್ತಿದ್ದುದು 28ರಿಂದ 32ರ ವಯಸ್ಸಿನೊಳಗೆ. ಒಣಗಲ್ಲು, ಒದ್ದೆಗಲ್ಲು ಎರಡರ ಮೇಲೂ ಕ್ಷೌರದ ಕತ್ತಿಯನ್ನು ಮಸೆಯುವವರು 40ರಿಂದ 45ರವರೆಗೆ, ಊಟದ ಚಾಕುಗಳನ್ನು ಒದ್ದೆಗಲ್ಲಿನ ಮೇಲೆ ಮಸೆಯುವವರು 40ರಿಂದ 50ರವರೆಗೆ ಬಾಳುತ್ತಿದ್ದರು. ಕಲ್ಲಿನ ಕೆಳಗಿನ ತೊಟ್ಟಿಯ ನೀರಿಗೆ ಹತ್ತು ವರ್ಷಕ್ಕೂ ಮೀರಿದ ಆಯುಷ್ಯದ ಬೆಲೆಯಿದ್ದಿತು. ನೈಟ್ ಇನ್ನೊಂದು ಸೋಜಿಗದ ಮಾತನ್ನೂ ಹೇಳುತ್ತಾನೆ: ಸಾಣೆಗಾರರಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಬದುಕುತ್ತಿದ್ದವರು ಮಹಾಕುಡುಕರು; ಏಕೆಂದರೆ ಕೆಲಸಕ್ಕೆ ಹೆಚ್ಚಾಗಿ ಚಕ್ಕರ್ ಹೊಡೆಯುತ್ತಿದ್ದವರು ಅವರೇ!

ಈ ‘ಸಾಣೆಗಾರರ ಉಬ್ಬಸ’ಕ್ಕೆ ಕಾರಣವೇನು? ಸಾಣೆಯ ಬಳಿ ನಿಂತವರ ಕಣ್ಣಿಗೆ ಬೀಳುವುದು ಕಿಡಿ, ಕಿಡಿ ಉಕ್ಕಿನದು. ಆದುದರಿಂದ ಉಕ್ಕೇ ಎದೆಯನ್ನು ತಿನ್ನುತ್ತದೆಂದು ತೋರುವುದು ಸಹಜ. 1820ರ ಸುಮಾರಿನಲ್ಲಿ ಶೆಫೀಲ್ಡಿನ ಏಬ್ರಹಾಂ ಎಂಬವನು ಲೋಹದ ಧೂಳನ್ನು ಸೆಳೆದುಕೊಳ್ಳುವ ಅಯಸ್ಕಾಂತದ ಸಾಧನವನ್ನು ರಚಿಸಿದನು. ಅದಕ್ಕೆ ಪದಕವೂ ದೊರೆಯಿತು. ಅಯಸ್ಕಾಂತವು ತನ್ನ ಕೆಲಸವನ್ನು ಮಾಡಿತು. ಆದರೆ ಅದು ಕಲ್ಲನ್ನು ಸೆಳೆಯುವುದೆಂತು? ಮರಳುಗಲ್ಲಿನ ಬಹುಭಾಗ ಸಿಲಿಕ. ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತಲೂ ಸಣ್ಣದಾದ ಅದರ ಕಣಗಳು ಶ್ವಾಸಕೋಶದ ತುದಿಯವರೆಗೂ ಇಳಿಯುತ್ತವೆ. ಅವನ್ನು ನುಂಗಿದ ರಕ್ಷಕ ಜೀವಕೋಶಗಳು ತಾವೇ ಸಾಯುತ್ತವೆ. ಆ ಜಾಗ ಗಾಯದ ಕಲೆಯಂತೆ ಗಡುಸಾಗುತ್ತದೆ. ಇದೇ ಸಿಲಿಕೋಸಿಸ್. ಹಲವರಿಗೆ ಅದರ ಬೆನ್ನಿಗೇ ಕ್ಷಯವೂ ಬರುತ್ತಿದ್ದಿತು. ಒದ್ದೆಗಲ್ಲಿನವನೂ ಪೂರ್ಣವಾಗಿ ಪಾರಾಗಲಿಲ್ಲ; ಹೊಸ ಕಲ್ಲನ್ನು ಉಕ್ಕಿನ ಸಲಾಕೆಯಿಂದ ಕೆತ್ತಿ ದುಂಡಗೆ ಮಾಡುವಾಗ ಕೋಣೆಯೆಲ್ಲ ಧೂಳಿನ ಮೋಡವಾಗುತ್ತಿದ್ದಿತು.

ಧೂಳನ್ನು ಕೊಳವೆಯ ಮೂಲಕ ಹೊರಕ್ಕೆಳೆಯುವ ಬೀಸಣಿಗೆಯಂತ್ರವೂ ಆ ಕಾಲಕ್ಕೇ ಬಂದಿದ್ದಿತು. ಆದರೆ ಅನೇಕ ಸಾಣೆಗಾರರು ಅದನ್ನು ಬೇಡವೆಂದರು. ಕೆಲವೆಡೆ ಇಂತಹ ಸಾಧನಗಳನ್ನು ಒಡೆದೂ ಹಾಕಿದರು. ಕಸುಬು ನಿರಪಾಯವಾದರೆ ಹೊಸಬರು ನುಗ್ಗುವರು, ಕೂಲಿ ಇಳಿಯುವುದು ಎಂಬುದು ಅವರ ತರ್ಕ. ಇದನ್ನು ಮೌಢ್ಯವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಬೇರೆ ಯಾವ ಕಾವಲೂ ಇಲ್ಲದ ಕೂಲಿಗೆ ತಮ್ಮ ಅಲ್ಪಾಯುಷ್ಯವನ್ನೇ ಕಾವಲಿರಿಸಿದ್ದ ಜನ ಅವರು. ಸಾಣೆಯ ಮನೆಗಳಲ್ಲಿ ಬೀಸಣಿಗೆಯನ್ನು ಹಾಕಿಸುವ ಅಧಿಕಾರವನ್ನು ತಪಾಸಣಾಧಿಕಾರಿಗಳಿಗೆ ಕಾಯಿದೆ ಕೊಟ್ಟುದು 1867ರಲ್ಲಿ. 20ನೆಯ ಶತಮಾನದಲ್ಲಿ ಮರಳುಗಲ್ಲಿನ ಸ್ಥಾನಕ್ಕೆ ಕೃತಕ ಸಾಣೆಗಳು ಬಂದವು. ಅವುಗಳಲ್ಲೊಂದು ಬಗೆಯ ಮುಖ್ಯದ್ರವ್ಯ, ನಮ್ಮ ದೇಶದ ಹಳೆಯ ಸಾಣೆಗಾರರು ಅರಗಿನಲ್ಲಿ ಕಲಸಿ ಚಕ್ರ ಮಾಡುತ್ತಿದ್ದ ಕುರುಂದದ ಕಲ್ಲಿನ ದ್ರವ್ಯವೇ.

ಹಾಗೆಂದು ಇಂದು ಮನೆಯ ಹಿತ್ತಲಲ್ಲಿ ಹವ್ಯಾಸಕ್ಕಾಗಿ ಚಾಕು ಮಾಡುವವನು ನಿಶ್ಚಿಂತನಾಗಿರುವಂತಿಲ್ಲ. ಅವನ ಉಕ್ಕಿನಲ್ಲಿ ಕ್ರೋಮಿಯಂ, ಕೆಲವೊಮ್ಮೆ ನಿಕ್ಕಲ್ ಇರುತ್ತದೆ; ಹಿಡಿಗೆ ಗಟ್ಟಿಮರ, ಚಿಪ್ಪು, ಅಂಟಿನಲ್ಲಿ ಅದ್ದಿದ ಗಾಜಿನ ನೂಲು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು 1995ರಲ್ಲಿಯೂ ಸ್ಫಟಿಕರೂಪದ ಸಿಲಿಕವನ್ನು 1997ರಲ್ಲಿಯೂ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ನೆಲಕ್ಕೆ ಬಿದ್ದ ಒರಟು ಪುಡಿಗಿಂತ ಕೆಲಸ ನಿಂತ ಮೇಲೂ ಗಾಳಿಯಲ್ಲಿ ತೇಲುವ ನಯವಾದ ಪುಡಿಯೇ ಹೆಚ್ಚು ಕೆಟ್ಟದ್ದು. ಮೂಗಿಗೆ ಕರವಸ್ತ್ರ ಕಟ್ಟಿದರೆ ಅದು ತಡೆಯದು. ಧೂಳು ಹುಟ್ಟುವಲ್ಲಿಯೇ ಅದನ್ನು ಎಳೆದುಕೊಳ್ಳಬೇಕು, ಮುಖಕ್ಕೆ ಸರಿಯಾಗಿ ಕೂರುವ ಶೋಧಕ ಮುಖವಾಡವಿರಬೇಕು, ಒಣ ಪೊರಕೆಯನ್ನು ಮುಟ್ಟಬಾರದು.

ಶೆಫೀಲ್ಡಿನ ಪೋರ್ಟರ್ ತೊರೆಯ ದಂಡೆಯಲ್ಲಿ ‘ಶೆಫರ್ಡ್ ವೀಲ್’ ಎಂಬ ಹಳೆಯ ಸಾಣೆಮನೆಯೊಂದನ್ನು ವಸ್ತುಸಂಗ್ರಹಾಲಯವಾಗಿ ಕಾಪಾಡಿದ್ದಾರೆ. ನೀರಿನ ಚಕ್ರವಿದೆ, ಕಲ್ಲುಗಳ ಸಾಲಿದೆ, ಕಲ್ಲುಗಳ ಹಿಂದೆ ಸಾಣೆಗಾರರು ಏರಿ ಕೂರುತ್ತಿದ್ದ ಮರದ ಪೀಠಗಳೂ ಇವೆ.