ಹುಣಸೂರಿನ ಹೊಗೆಸೊಪ್ಪು, ಹರಾರೆಯ ಹರಾಜು

ಮೈಸೂರು ಜಿಲ್ಲೆಯ ಪಶ್ಚಿಮ ಅಂಚಿನ ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಮುಂಗಾರಿನ ಮೊದಲ ಹದಕ್ಕೆ ನಾಟಿಯಾಗುವ ವರ್ಜೀನಿಯಾ ಹೊಗೆಸೊಪ್ಪಿನ ಬೆಲೆ ಆ ತಾಲ್ಲೂಕುಗಳಲ್ಲಿ ತೀರ್ಮಾನವಾಗುವುದಿಲ್ಲ. ಅದು ಬಹುಪಾಲು ಬ್ರೆಜಿಲ್ ಮತ್ತು ಜಿಂಬಾಬ್ವೆಗಳಲ್ಲಿ ಆ ವರ್ಷ ಎಷ್ಟು ಸೊಪ್ಪು ಬೆಳೆಯಿತು ಎಂಬುದರ ಮೇಲೆ ನಿಂತಿದೆ. ಬ್ರೆಜಿಲ್ ದೊಡ್ಡ ದೇಶ, ಅದರ ಕಥೆಯೇ ಬೇರೆ. ಆದರೆ ಜಿಂಬಾಬ್ವೆಯನ್ನು ಹುಣಸೂರಿನ ಪಕ್ಕದಲ್ಲಿಟ್ಟು ನೋಡಿದರೆ ವಸಾಹತು ಆಳ್ವಿಕೆಯಿಂದ ಹೊರಬಂದ ಎರಡು ದೇಶಗಳು ಒಂದೇ ಎಲೆಯನ್ನು ಬೆಳೆಯುತ್ತಲೇ ರೈತನಿಗೆ ಭೂಮಿ, ಸಾಲ ಮತ್ತು ಮಾರುಕಟ್ಟೆಯನ್ನು ಒದಗಿಸಲು ಹಿಡಿದ ದಾರಿಗಳು ಎಷ್ಟು ಭಿನ್ನವಾದವು ಎಂಬುದು ಯಾವ ಅಂಕಿಅಂಶದ ಪಟ್ಟಿಗಿಂತಲೂ ಚೆನ್ನಾಗಿ ಕಾಣುತ್ತದೆ.

ವರ್ಜೀನಿಯಾ ಎಂದು ಕರೆಯುವ ಈ ತಳಿ ಬೀಡಿಯ ಅಥವಾ ಜಗಿಯುವ ಹೊಗೆಸೊಪ್ಪಿನಂತೆ ಬಿಸಿಲಿನಲ್ಲಿ ಒಣಗುವಂಥದ್ದಲ್ಲ. ಇದನ್ನು ಬಿಸಿಗಾಳಿಯಲ್ಲಿ ಹದಮಾಡಿ ಹಳದಿಗೆ ತರಬೇಕು, ಸಿಗರೇಟು ತಯಾರಕರಿಗೆ ಬೇಕಾಗುವುದು ಆ ಬಣ್ಣದ ಎಲೆಯೇ. 1920ರ ದಶಕದಲ್ಲಿ ಗುಂಟೂರಿನ ಕಪ್ಪು ನೆಲದಲ್ಲಿ ಬೇರೂರಿದ ಈ ಬೆಳೆ ನಂತರ ಮೈಸೂರು ಸೀಮೆಯ ಕೆಂಪು ಮರಳುಮಿಶ್ರಿತ ನೆಲಕ್ಕೆ ಬಂದಿತು. 1957ರಲ್ಲಿ ಕೇಂದ್ರ ತಂಬಾಕು ಸಂಶೋಧನಾ ಸಂಸ್ಥೆ ಹುಣಸೂರಿನಲ್ಲಿ ತನ್ನ ಕೇಂದ್ರವೊಂದನ್ನು ತೆರೆದ ಮೇಲೆ ತಳಿ, ಗೊಬ್ಬರ ಮತ್ತು ಸಸಿಮಡಿಯ ವಿಷಯದಲ್ಲಿ ಸ್ಥಳೀಯ ತಿಳಿವಳಿಕೆ ಬೆಳೆಯಿತು. ಕೆಂಪು ನೆಲದಲ್ಲಿ, ಮಳೆಯಾಶ್ರಯದಲ್ಲಿ ಬೆಳೆದ ಎಲೆ ತೆಳುವಾಗಿ, ನಿಕೋಟಿನ್ ಕಡಿಮೆಯಾಗಿ ಬರುತ್ತದೆ. ಮಿಶ್ರಣದಲ್ಲಿ ಪ್ರಮಾಣ ತುಂಬಲು ಬಳಸುವ ಸೊಪ್ಪಾಗಿ ಅದಕ್ಕೆ ವಿದೇಶದಲ್ಲಿ ಬೇಡಿಕೆ ಕುದುರಿದ್ದು ಹೀಗೆ. ಕೃಷ್ಣರಾಜನಗರದ ಕಡೆ ಕಾವೇರಿ ನಾಲೆಗಳ ನೀರಿರುವುದರಿಂದ ಭತ್ತವೇ ಪ್ರಧಾನವಾಗಿ ಉಳಿಯಿತು. ನೀರಿಲ್ಲದ ಮೇಲುನೆಲದ ರೈತನಿಗೆ, ರಾಗಿ, ಹುರುಳಿ ತರಲಾರದ ನಗದನ್ನು ತಂದುಕೊಟ್ಟಿದ್ದು ಹೊಗೆಸೊಪ್ಪು.

ಈ ಬೆಳೆಯ ದುಡಿಮೆಯ ತಿರುಳು ಇರುವುದು ಹೊಲಕ್ಕಿಂತ ಹೆಚ್ಚಾಗಿ ಬ್ಯಾರನ್ನಿನಲ್ಲಿ. ಬ್ಯಾರನ್ ಎಂದರೆ ಎತ್ತರದ ಗೋಡೆಯ, ಕಿಟಕಿಯಿಲ್ಲದ ಒಂಟಿ ಕೋಣೆ. ಹೊರಗಿನ ಒಲೆಯಲ್ಲಿ ಉರಿಸಿದ ಸೌದೆಯ ಹೊಗೆ ಒಳಗೆ ನೆಲದ ಮೇಲೆ ಹಾಯುವ ತಗಡಿನ ಕೊಳವೆಗಳಲ್ಲಿ ಸಾಗಿ ಚಿಮಣಿಯಿಂದ ಹೊರಬೀಳುತ್ತದೆಯೇ ಹೊರತು ಎಲೆಯನ್ನು ಮುಟ್ಟುವುದಿಲ್ಲ, ಮುಟ್ಟುವುದು ಕೊಳವೆಯ ಕಾವು ಮಾತ್ರ. ಹೆಂಗಸರು ಕಡ್ಡಿಗಳಿಗೆ ಎರಡೂ ಬದಿಗೆ ಬರುವಂತೆ ಕಟ್ಟಿದ ಹಸಿ ಸೊಪ್ಪನ್ನು ಅಡ್ಡಗಳುಗಳ ಮೇಲೆ ತಾರಸಿಯವರೆಗೆ ಸಾಲಾಗಿ ಏರಿಸಿದ ನಂತರ, ಮೊದಲು ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಎಲೆಯನ್ನು ಹಳದಿಗೆ ತಿರುಗಿಸಿ, ಆಮೇಲೆ ಬಣ್ಣ ನಿಲ್ಲುವಂತೆ ಕಾವನ್ನು ಮೆಲ್ಲಗೆ ಏರಿಸುತ್ತ, ಕೊನೆಗೆ ನಡುದೇಟು ಮುರಿದರೆ ಚಟಕ್ಕೆನ್ನುವಷ್ಟು ಒಣಗಲು 70 ಡಿಗ್ರಿಯ ಆಸುಪಾಸಿಗೆ ಒಯ್ಯುತ್ತಾರೆ. ಐದಾರು ದಿನ ಹಗಲೂ ರಾತ್ರಿ ಒಲೆ ಕಾಯುವವನು ಒಂದು ಗಳಿಗೆ ಮೈಮರೆತು ಕಾವು ಹೆಚ್ಚಾದರೆ ಹಳದಿ ಕಂದಿಗೆ ತಿರುಗಿ ಮೇಲ್ದರ್ಜೆಯ ಸೊಪ್ಪು ಕೆಳದರ್ಜೆಗೆ ಇಳಿಯುತ್ತದೆ. ನಾಲ್ಕು ತಿಂಗಳ ಬೇಸಾಯದ ಫಲ ಹೀಗೆ ಒಂದು ರಾತ್ರಿಯ ಉರಿಗೆ ಸಿಕ್ಕಿರುತ್ತದೆ.

ಜಿಂಬಾಬ್ವೆಯಲ್ಲಿ ಇದೇ ಎಲೆ, ಇದೇ ಬ್ಯಾರನ್. ಆದರೆ ಅಲ್ಲಿನ ಆರಂಭ ರೈತನಿಂದಲ್ಲ, ವಲಸಿಗನಿಂದ. ಆಗಿನ ದಕ್ಷಿಣ ರೊಡೇಶಿಯಾದಲ್ಲಿ 1930ರ ಭೂಹಂಚಿಕೆ ಕಾಯ್ದೆ ದೇಶದ ಸುಮಾರು ಅರ್ಧ ಭೂಮಿಯನ್ನು ಜನಸಂಖ್ಯೆಯ ಅತ್ಯಲ್ಪ ಭಾಗವಾಗಿದ್ದ ಬಿಳಿಯರಿಗೆ ಕಾದಿರಿಸಿತು. ಅವರ ಸಾವಿರಾರು ಎಕರೆಗಳ ಎಸ್ಟೇಟುಗಳಲ್ಲಿ ಕರಿಯ ಕೂಲಿಗಳ ದುಡಿಮೆಯಿಂದ ಬೆಳೆದ ಸೊಪ್ಪು, ಈಗ ಹರಾರೆ ಎನಿಸಿಕೊಂಡಿರುವ ಸಾಲಿಸ್‌ಬರಿಯ ಹರಾಜು ಕಟ್ಟೆಗೆ ಬರುತ್ತಿತ್ತು. 1965ರಲ್ಲಿ ಅಲ್ಲಿನ ಬಿಳಿಯರ ಸರ್ಕಾರ ಬ್ರಿಟನ್ನಿನಿಂದ ಏಕಪಕ್ಷೀಯವಾಗಿ ಬೇರೆಯಾಗುವುದಾಗಿ ಸಾರಿದಾಗ ವಿಶ್ವಸಂಸ್ಥೆ ವಿಧಿಸಿದ ವ್ಯಾಪಾರ ನಿರ್ಬಂಧದ ಮುಖ್ಯ ಗುರಿಗಳಲ್ಲಿ ಹೊಗೆಸೊಪ್ಪೂ ಒಂದಾಗಿತ್ತು. ಆ ನಿರ್ಬಂಧದಿಂದ ತೆರವಾದ ಜಾಗವನ್ನು ಹಿಡಿಯಲು ಬ್ರೆಜಿಲ್ ಮೊದಲಾದ ದೇಶಗಳು ಮುಂದೆ ಬಂದವು. ಒಂದು ದೇಶದ ರಾಜಕೀಯ ಇನ್ನೊಂದು ದೇಶದ ಹೊಲದ ಬೆಲೆಯಾಗುವ ಈ ಪರಿಪಾಠ ಅಂದಿನಿಂದಲೂ ತಪ್ಪಿಲ್ಲ.

ಭಾರತದಲ್ಲಿ ಬೆಳೆಗಾರ ಚಿಕ್ಕವನು, ಕೊಳ್ಳುವವನು ದೊಡ್ಡವನು. ದಶಕಗಳ ಕಾಲ ಕಂಪನಿಯ ಏಜೆಂಟು ಊರಿಗೆ ಬಂದು ಹೇಳಿದ್ದೇ ದರ್ಜೆ, ಕೊಟ್ಟಿದ್ದೇ ಬೆಲೆ ಎಂಬಂತಿದ್ದ ಸ್ಥಿತಿ ಬದಲಾಗಲು ಸಂಸತ್ತಿನ ಕಾಯ್ದೆಯೇ ಬೇಕಾಯಿತು. 1975ರ ತಂಬಾಕು ಮಂಡಳಿ ಕಾಯ್ದೆಯಂತೆ 1976ರ ಜನವರಿಯಲ್ಲಿ ಗುಂಟೂರಿನಲ್ಲಿ ಕೇಂದ್ರ ಕಚೇರಿಯುಳ್ಳ ತಂಬಾಕು ಮಂಡಳಿ ಸ್ಥಾಪನೆಯಾಯಿತು, 1984ರಲ್ಲಿ ಮಂಡಳಿಯ ಹರಾಜು ಪದ್ಧತಿ ಆರಂಭವಾಯಿತು. ಪ್ರತಿ ವರ್ಷ ಎಷ್ಟು ಬೆಳೆಯಬೇಕೆಂದು ಮಂಡಳಿ ಗೊತ್ತುಮಾಡುತ್ತದೆ. ಬ್ಯಾರನ್ನಿಗೆ ಪರವಾನಗಿ ಕೊಟ್ಟು, ಪ್ರತಿ ಬ್ಯಾರನ್ನಿಗೆ ಇಷ್ಟೆಂದು ಮಿತಿ ಹಾಕುತ್ತದೆ. ಕರ್ನಾಟಕದಲ್ಲಿ ಈಚಿನ ವರ್ಷಗಳಲ್ಲಿ ನೋಂದಾಯಿತ ಬೆಳೆಗಾರರು ಸುಮಾರು 40 ಸಾವಿರ, ನಿಗದಿಯಾಗುವ ಬೆಳೆ ಸುಮಾರು 10 ಕೋಟಿ ಕೆ.ಜಿ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಮತ್ತು ಹಾಸನ ಜಿಲ್ಲೆಯ ರಾಮನಾಥಪುರದ ಮಾರುಕಟ್ಟೆಗಳಲ್ಲಿ ಗೋಣಿ ಸುತ್ತಿದ ಬೇಲುಗಳು ಸಾಲಾಗಿ ಬಿದ್ದಿರುತ್ತವೆ. ತೂಕವಾಗಿ ಚೀಟಿ ಅಂಟಿದ ಒಂದೊಂದು ಬೇಲಿನ ಬಾಯಿ ಬಿಚ್ಚಿ, ಹಿಡಿ ಸೊಪ್ಪು ಎಳೆದು, ಮೂಸಿ, ಬೆಳಕಿಗೆ ಹಿಡಿದು ನೋಡುವ ಖರೀದಿದಾರರು ಮುಂದೆ ಸಾಗಿದಂತೆ, ಹಿಂದೆ ಕೂಗುತ್ತಿದ್ದ ಬೆಲೆ ಈಗ ಕೈಯಲ್ಲಿನ ಯಂತ್ರದ ಮೇಲೆ ಮೂಡುತ್ತದೆ. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಮಾರದೆ ಬೇಲನ್ನು ಹಿಂದಕ್ಕೆ ಒಯ್ಯಬಹುದು. ಬೆಲೆ ತೀರ ಕುಸಿದ ದಿನಗಳಲ್ಲಿ ರೈತರೆಲ್ಲ ಸೇರಿ ಹರಾಜನ್ನೇ ನಿಲ್ಲಿಸಿದ ಸಂದರ್ಭಗಳೂ ಈ ಮಾರುಕಟ್ಟೆಗಳಿಗೆ ಹೊಸತಲ್ಲ.

ಎರಡು ದೇಶಗಳ ದಾರಿ ನಿಜವಾಗಿ ಕವಲೊಡೆದದ್ದು ಭೂಮಿಯ ಪ್ರಶ್ನೆಯಲ್ಲಿ. ಕರ್ನಾಟಕದ ಭೂಸುಧಾರಣೆಯ ಹೆಸರಿನೊಂದಿಗೆ ಬೆಸೆದುಕೊಂಡಿರುವ ಡಿ. ದೇವರಾಜ ಅರಸು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಅವರ ಸರ್ಕಾರದ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿದಾರನೇ ಉಳುವ ಭೂಮಿಯ ಒಡೆಯನೆಂದು ಸಾರಿ, ಹಕ್ಕು ತೀರ್ಮಾನಿಸಲು ತಾಲ್ಲೂಕು ಮಟ್ಟದ ಭೂನ್ಯಾಯಮಂಡಳಿಗಳನ್ನು ನೇಮಿಸಿತು. ಅದರ ದೊಡ್ಡ ಫಲ ಗೇಣಿ ಪದ್ಧತಿ ಗಟ್ಟಿಯಾಗಿದ್ದ ಕರಾವಳಿಗೆ ದಕ್ಕಿತೇ ಹೊರತು ಅರಸು ಅವರ ಸ್ವಂತ ತಾಲ್ಲೂಕಿಗೆ ಅಷ್ಟಾಗಿ ಅಲ್ಲ, ಏಕೆಂದರೆ ಹಳೆಯ ಮೈಸೂರು ಸೀಮೆಯ ರೈತರಲ್ಲಿ ಹೆಚ್ಚಿನವರು ಮೊದಲಿನಿಂದಲೂ ಚಿಕ್ಕ ಹಿಡುವಳಿಯ ಖಾತೆದಾರರೇ ಆಗಿದ್ದರು. ಆದರೂ ಜಮೀನು ಯಾರದೆಂಬುದು ಪಹಣಿಯಲ್ಲಿ ನಿಂತಿತು, ತಕರಾರಾದರೆ ಅರ್ಜಿ, ವಿಚಾರಣೆ, ಮೇಲ್ಮನವಿಗಳಿದ್ದವು. ಜಿಂಬಾಬ್ವೆ 1980ರಲ್ಲಿ ಸ್ವತಂತ್ರವಾದಾಗ ಲ್ಯಾಂಕಾಸ್ಟರ್ ಹೌಸ್ ಒಪ್ಪಂದದಂತೆ, ಮಾರಲು ಒಪ್ಪಿದವನಿಂದ ಮಾತ್ರ ಭೂಮಿ ಕೊಳ್ಳಬೇಕೆಂಬ ಕಟ್ಟು ಹತ್ತು ವರ್ಷ ಮುಂದುವರಿಯಿತು. ಅನ್ಯಾಯದ ಹಂಚಿಕೆ ಹಾಗೆಯೇ ಉಳಿದು, ಒತ್ತಡ ಕಟ್ಟಿಕೊಂಡು, 2000ದಲ್ಲಿ ಸಂವಿಧಾನದ ಮೇಲಿನ ಜನಮತಗಣನೆಯಲ್ಲಿ ಸರ್ಕಾರ ಸೋತ ಬೆನ್ನಿಗೇ ಎಸ್ಟೇಟುಗಳ ಬಲವಂತದ ವಶ ಆರಂಭವಾಯಿತು. ಮರುಹಂಚಿಕೆ ನ್ಯಾಯದ ಬೇಡಿಕೆಯೇ ಆಗಿತ್ತು. ಆದರೆ ಅದನ್ನು ಇಪ್ಪತ್ತು ವರ್ಷ ಮುಂದೂಡಿ, ನಂತರ ಕಾಗದಪತ್ರವಿಲ್ಲದೆ ಒಂದೆರಡು ವರ್ಷಗಳಲ್ಲಿ ಮುಗಿಸಹೊರಟದ್ದು ದುಬಾರಿಯಾಯಿತು.

2000ದಲ್ಲಿ ಸುಮಾರು 23.7 ಕೋಟಿ ಕೆ.ಜಿ. ಇದ್ದ ಜಿಂಬಾಬ್ವೆಯ ಉತ್ಪಾದನೆ 2008ರಲ್ಲಿ ಸುಮಾರು 4.8 ಕೋಟಿಗೆ ಕುಸಿಯಿತು. ಅದೇ ಹೊತ್ತಿಗೆ ಹಣದುಬ್ಬರ ಎಲ್ಲ ಅಳತೆಯನ್ನೂ ಮೀರಿ, ನೂರು ಲಕ್ಷ ಕೋಟಿ ಡಾಲರಿನ ನೋಟು ಅಚ್ಚಾಗಿ, 2009ರಲ್ಲಿ ದೇಶ ತನ್ನ ಹಣವನ್ನೇ ಬಿಟ್ಟು ವಿದೇಶಿ ಹಣವನ್ನು ಬಳಸತೊಡಗಿತು. ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಅರ್ಧವೇ ಆಗುತ್ತದೆ, ಹಲವರು ಅಲ್ಲಿಗೇ ನಿಲ್ಲಿಸುವುದುಂಟು. ಎಸ್ಟೇಟುಗಳ ಕಾಲದಲ್ಲಿ ಹತ್ತು ಸಾವಿರಕ್ಕೂ ಕಡಿಮೆಯಿದ್ದ ಬೆಳೆಗಾರರ ಸಂಖ್ಯೆ ಈಗ ಲಕ್ಷವನ್ನು ದಾಟಿದೆ, ಅವರಲ್ಲಿ ಹೆಚ್ಚಿನವರು ಸಣ್ಣ ರೈತರು. 2023ರಲ್ಲಿ ಉತ್ಪಾದನೆ 29 ಕೋಟಿ ಕೆ.ಜಿ. ಮೀರಿ ಬಿಳಿಯರ ಕಾಲದ ದಾಖಲೆಯನ್ನೂ ಹಿಂದಿಕ್ಕಿತು. ಈ ಚೇತರಿಕೆಯ ಹಿಂದಿರುವುದು 2004ರಲ್ಲಿ ಆರಂಭವಾದ ಒಪ್ಪಂದ ಬೇಸಾಯ, ಎಂದರೆ ಬೀಜ, ಗೊಬ್ಬರ, ಸಾಲವನ್ನು ಕೊಳ್ಳುವ ಕಂಪನಿಯೇ ಮುಂಗಡವಾಗಿ ಕೊಟ್ಟು, ಬೆಳೆಯನ್ನು ತಾನೇ ಕೊಂಡು, ಸಾಲವನ್ನು ಬೆಲೆಯಲ್ಲೇ ಮುರಿದುಕೊಳ್ಳುವ ಪದ್ಧತಿ. ಭೂಮಿ ಸರ್ಕಾರದ ಹೆಸರಿನಲ್ಲಿದ್ದುದರಿಂದ ರೈತ ಅದನ್ನು ಬ್ಯಾಂಕಿಗೆ ಅಡವಿಡುವಂತಿರಲಿಲ್ಲ, ಹಾಗಾಗಿ ಕಂಪನಿಯ ಹೊರತು ಅವನಿಗೆ ಸಾಲದ ಬಾಗಿಲಿರಲಿಲ್ಲ. ಈಗ ಅಲ್ಲಿನ ಸೊಪ್ಪಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಒಪ್ಪಂದದಡಿಯಲ್ಲೇ ಮಾರಾಟವಾಗುತ್ತದೆ, ಚೀನಾದ ಸರ್ಕಾರಿ ತಂಬಾಕು ಉದ್ಯಮ ಅತಿ ದೊಡ್ಡ ಗಿರಾಕಿ. ಹುಣಸೂರಿನ ರೈತನಿಗೆ ಮಂಡಳಿಯ ನೋಂದಣಿಯ ಬಲದ ಮೇಲೆ ಬ್ಯಾಂಕು ಸಾಲ ಕೊಡುತ್ತದೆ. ಅವನ ಸಾಲವೂ ಹರಾಜಿನ ಹಣದಲ್ಲೇ ಮುರಿದುಹೋಗುವುದು ನಿಜ, ಆದರೆ ಸಾಲ ಕೊಟ್ಟವನೂ ಸೊಪ್ಪು ಕೊಳ್ಳುವವನೂ ಒಬ್ಬನೇ ಅಲ್ಲ. ಎರಡು ವ್ಯವಸ್ಥೆಗಳ ನಡುವಿನ ಮುಖ್ಯ ವ್ಯತ್ಯಾಸ ಇಷ್ಟೇ, ಮತ್ತು ಇದು ಚಿಕ್ಕದಲ್ಲ.

ದಕ್ಷಿಣ ಗೋಳಾರ್ಧದ ಋತುಮಾನ ಈ ಎರಡು ಊರುಗಳನ್ನು ಮತ್ತಷ್ಟು ಹತ್ತಿರ ಕಟ್ಟಿದೆ. ಹರಾರೆಯ ಮಾರಾಟ ಮಾರ್ಚ್ ಹೊತ್ತಿಗೆ ಶುರುವಾಗಿ ಜುಲೈ, ಆಗಸ್ಟ್ ವೇಳೆಗೆ ಮುಗಿಯುತ್ತದೆ. ಕರ್ನಾಟಕದ ಹರಾಜು ಆರಂಭವಾಗುವುದು ಅದಾದ ಮೇಲೆ, ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ. ಹೀಗಾಗಿ ಕಂಪಲಾಪುರದ ಬೇಲಿನ ಮುಂದೆ ನಿಲ್ಲುವ ಖರೀದಿದಾರನಿಗೆ ಆಫ್ರಿಕಾದ ಬೆಳೆ ಎಷ್ಟು, ಯಾವ ಬೆಲೆಗೆ ಹೋಯಿತು ಎಂಬುದು ಗೊತ್ತಿರುತ್ತದೆ, ರೈತನಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಜಿಂಬಾಬ್ವೆಯ ಉತ್ಪಾದನೆ 2014ರಲ್ಲಿ 21 ಕೋಟಿ ಕೆ.ಜಿ. ದಾಟಿ ಜಗತ್ತಿನ ದಾಸ್ತಾನು ಹೆಚ್ಚಿದ್ದ ವರ್ಷಗಳು ಇಲ್ಲಿನ ರೈತನ ಕಷ್ಟದ ವರ್ಷಗಳೂ ಆಗಿದ್ದವು. ಇಲ್ಲಿನ ಸರಾಸರಿ ಬೆಲೆ ಕೆ.ಜಿ.ಗೆ 250 ರೂಪಾಯಿ ದಾಟಿದ 2023–24ರ ಹಂಗಾಮಿನ ಹೊತ್ತಿಗೆ ಆಫ್ರಿಕಾದ ದಕ್ಷಿಣಭಾಗ ಎಲ್ ನಿನೊ ಬರಕ್ಕೆ ಸಿಕ್ಕಿತ್ತು. ಒಬ್ಬರ ಬರ ಇನ್ನೊಬ್ಬರ ಸುಗ್ಗಿಯಾಗುವುದು ಈ ವ್ಯಾಪಾರದ ಒಪ್ಪಿತ ನಿಯಮ.

ಜನಜೀವನದ ಮಟ್ಟವನ್ನು ಅಳೆಯಲು ಆಯುಷ್ಯ, ಶಿಕ್ಷಣ ಮತ್ತು ಆದಾಯವನ್ನು ಕೂಡಿಸಿ ವಿಶ್ವಸಂಸ್ಥೆ ಲೆಕ್ಕಹಾಕುವ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ 2022ರ ಅಂಕಿಗಳಂತೆ ಭಾರತ 0.644ರೊಂದಿಗೆ 134ನೆಯ ಸ್ಥಾನದಲ್ಲೂ ಜಿಂಬಾಬ್ವೆ 0.550ರೊಂದಿಗೆ 159ನೆಯ ಸ್ಥಾನದಲ್ಲೂ ಇದ್ದವು. ಆದರೆ 1990ರಲ್ಲಿ ಇದೇ ಅಳತೆಯಲ್ಲಿ ಮುಂದಿದ್ದದ್ದು ಜಿಂಬಾಬ್ವೆ. ಸ್ವಾತಂತ್ರ್ಯದ ಮೊದಲ ದಶಕದಲ್ಲಿ ಅದು ಶಾಲೆ, ಆಸ್ಪತ್ರೆಗಳಿಗೆ ಸುರಿದ ಹಣದ ಫಲವಾಗಿ ಅಕ್ಷರಸ್ಥರ ಪ್ರಮಾಣ ಇಂದಿಗೂ ಭಾರತಕ್ಕಿಂತ ಹೆಚ್ಚಿದೆ. ಏಡ್ಸ್ ಪಿಡುಗು ಮತ್ತು ಆರ್ಥಿಕ ಕುಸಿತ ಕೂಡಿ, 60ರ ಆಸುಪಾಸಿನಲ್ಲಿದ್ದ ಸರಾಸರಿ ಆಯುಷ್ಯವನ್ನು ಶತಮಾನದ ತಿರುವಿನಲ್ಲಿ 45ರ ಹತ್ತಿರಕ್ಕೆ ಇಳಿಸಿದವು. ಓದು ಬಲ್ಲ ರೈತನ ಕೈಯಲ್ಲಿ ನಂಬಲಾಗದ ನೋಟು, ಭದ್ರವಾದ ರೂಪಾಯಿ ಹಿಡಿದ ರೈತನ ಊರಿನಲ್ಲಿ ಕುಂಟುವ ಶಾಲೆ. ಯಾವುದು ಮೇಲೆಂದು ಒಂದೇ ಅಂಕಿ ಹೇಳಲಾರದು.

ಹೊಗೆಸೊಪ್ಪಿಗೆ ದೇಶದ ಲೆಕ್ಕದಲ್ಲಿರುವ ತೂಕವೂ ಬೇರೆ ಬೇರೆ. ಜಿಂಬಾಬ್ವೆಗೆ ಅದು ಚಿನ್ನದ ಸಾಲಿನಲ್ಲಿ ನಿಲ್ಲುವ ರಫ್ತು ಸರಕು, ಹಾಗಾಗಿ ಅಲ್ಲಿ ಮಳೆ ತಡವಾದರೆ ವಿದೇಶಿ ವಿನಿಮಯದ ಚಿಂತೆ ಸಚಿವ ಸಂಪುಟವನ್ನೇ ಮುಟ್ಟುತ್ತದೆ. ಭಾರತದ ರಫ್ತಿನಲ್ಲಿ ಅದು ಲೆಕ್ಕಕ್ಕೆ ಬಾರದಷ್ಟು ಸಣ್ಣ ಪಾಲು. ಇಲ್ಲಿನ ರೈತನಿಗೆ ಮಂಡಳಿ, ಬ್ಯಾಂಕು, ಪಹಣಿಗಳ ಆಸರೆ ಇದ್ದರೂ ದೆಹಲಿಯಲ್ಲಿ ಅವನ ದನಿ ಸಣ್ಣದು. ಅಲ್ಲಿನವನು ದೇಶದ ಬೊಕ್ಕಸಕ್ಕೆ ಆಧಾರವಾಗಿದ್ದರೂ ಅವನಿಗೆ ಆಧಾರವಾಗಿ ನಿಲ್ಲುವ ಕಾಗದ ಕಡಿಮೆ. ಮಂಡಳಿ ಇರುವುದು ಕೃಷಿ ಸಚಿವಾಲಯದಡಿಯಲ್ಲಲ್ಲ, ವಾಣಿಜ್ಯ ಸಚಿವಾಲಯದಡಿಯಲ್ಲಿ. ಒಂದು ಸಚಿವಾಲಯ ರಫ್ತು ಹೆಚ್ಚಲಿ ಎನ್ನುವಾಗ ಆರೋಗ್ಯ ಸಚಿವಾಲಯ, 2004ರಲ್ಲಿ ಭಾರತ ಅಂಗೀಕರಿಸಿದ ತಂಬಾಕು ನಿಯಂತ್ರಣ ಒಡಂಬಡಿಕೆಯಂತೆ, ಬಳಕೆ ಇಳಿಯಲಿ ಎನ್ನುತ್ತದೆ. ಜಿಂಬಾಬ್ವೆ ಅದೇ ಒಡಂಬಡಿಕೆಗೆ ಸೇರಲು 2014ರವರೆಗೆ ಕಾದದ್ದು ಅರ್ಥವಾಗುವಂಥದ್ದೇ.

ಎರಡು ಕಡೆಗಳಲ್ಲೂ ಬೆಲೆಯಲ್ಲಿ ಸೇರದ ವೆಚ್ಚಗಳಿವೆ. ಒಂದು ಕೆ.ಜಿ. ಸೊಪ್ಪು ಹದವಾಗಲು ಸುಮಾರು ನಾಲ್ಕೈದು ಕೆ.ಜಿ. ಸೌದೆ ಬೇಕು. ಇಲ್ಲಿ ಬೆಳೆಯುವ ಸೀಮೆ ಕಾಕನಕೋಟೆ, ನಾಗರಹೊಳೆ ಕಾಡುಗಳ ಅಂಚಿಗೇ ಹೊಂದಿಕೊಂಡಿರುವುದರಿಂದ ಹೊಲದ ಬದುಗಳ ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಮರಗಳು ಆ ಬೇಡಿಕೆಯನ್ನು ಎಷ್ಟರಮಟ್ಟಿಗೆ ತಡೆದುಕೊಳ್ಳುತ್ತವೆ ಎಂಬುದು ಕಾಡಿನ ಪ್ರಶ್ನೆಯೂ ಹೌದು. ಜಿಂಬಾಬ್ವೆಯಲ್ಲಿ ಎಸ್ಟೇಟುಗಳು ಕಲ್ಲಿದ್ದಲು ಉರಿಸುತ್ತಿದ್ದ ಕಡೆ ಈಗ ಸಣ್ಣ ರೈತರು ಕಾಡಿನ ಸೌದೆಯನ್ನೇ ನೆಚ್ಚಿದ್ದಾರೆ. ಕೂಲಿಗಳ ಲೆಕ್ಕವೂ ಹೀಗೆಯೇ. ಎಸ್ಟೇಟುಗಳು ಕೈಬದಲಾದಾಗ ಅಲ್ಲಿ ತಲೆಮಾರುಗಳಿಂದ ದುಡಿದಿದ್ದ, ಮಲಾವಿ, ಮೊಜಾಂಬಿಕ್ ಮೂಲದವರೂ ಸೇರಿದ್ದ ಲಕ್ಷಾಂತರ ಕೂಲಿಗಳಲ್ಲಿ ಬಹಳ ಮಂದಿಗೆ ಕೆಲಸವೂ ಹೋಯಿತು, ಭೂಮಿಯೂ ಸಿಗಲಿಲ್ಲ. ಇಲ್ಲಿ, ಕಬಿನಿ ಜಲಾಶಯಕ್ಕೂ ವನ್ಯಜೀವಿ ರಕ್ಷಣೆಗೂ ಕಾಡು ಬಿಟ್ಟುಬಂದ ಜೇನುಕುರುಬರು ಮತ್ತು ಇತರ ಆದಿವಾಸಿಗಳು ಕೊಡಗಿನ ಕಾಫಿ ತೋಟಗಳಲ್ಲಿ, ಬಯಲಿನ ಹೊಲಗಳಲ್ಲಿ ಕೂಲಿಗೆ ನಿಂತರು. ಕಲ್ಲಹಳ್ಳಿಯ ಮುಖ್ಯಮಂತ್ರಿಯ ಭೂಸುಧಾರಣೆಯಾಗಲಿ ಹರಾರೆಯ ಮರುಹಂಚಿಕೆಯಾಗಲಿ ಖಾತೆಯೂ ಗೇಣಿಯೂ ಇಲ್ಲದವನನ್ನು ತಲುಪಲಿಲ್ಲ.

ಹೊಗೆಸೊಪ್ಪಿಗೆ ಬದಲಿ ಬೆಳೆ ಯಾವುದು ಎಂಬ ಚರ್ಚೆ ಎರಡೂ ದೇಶಗಳಲ್ಲಿ ಹಳೆಯದು. ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣಗಳಲ್ಲಿ ವಯನಾಡಿನ ಕಡೆಯಿಂದ ಬಂದ ಬೆಳೆಗಾರರು ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯತೊಡಗಿದ ಮೇಲೆ ಸ್ಥಳೀಯರೂ ಅದಕ್ಕೆ ಕೈಹಾಕಿದ್ದಾರೆ. ಒಳ್ಳೆಯ ವರ್ಷದಲ್ಲಿ ಅದರ ಲಾಭ ಹೊಗೆಸೊಪ್ಪನ್ನು ಮೀರಿಸುತ್ತದೆ, ಕೊಳೆರೋಗ ಬಂದ ವರ್ಷ ಬಿತ್ತನೆ ಗಡ್ಡೆಯ ದುಡ್ಡೂ ಹುಟ್ಟುವುದಿಲ್ಲ. ಶುಂಠಿಗೆ ನೋಂದಣಿಯಿಲ್ಲ, ಬೆಳೆಯ ಮಿತಿಯಿಲ್ಲ, ಹರಾಜು ಕಟ್ಟೆಯೂ ಇಲ್ಲ. ಹೊಲದ ಬದುವಿನಲ್ಲೇ ವ್ಯಾಪಾರಿ ಹೇಳಿದ ಬೆಲೆಗೆ ಅದು ಲಾರಿ ಏರುತ್ತದೆ, 1984ಕ್ಕೆ ಮುಂಚೆ ಹೊಗೆಸೊಪ್ಪು ಮಾರುತ್ತಿದ್ದ ರೀತಿಯೂ ಹೆಚ್ಚುಕಡಿಮೆ ಇದೇ ಆಗಿತ್ತು.