ಮನೆಯೊಳಗಿನ ರೇಡಾನ್: ಪೆಟ್ಟು ಬೀಳುವುದು ಶ್ವಾಸಕೋಶಕ್ಕೆ

ಖಾನಾಪುರ ತಾಲೂಕಿನ ಕಣಕುಂಬಿ, ಜಾಂಬೋಟಿ ಕಡೆ ಮಳೆ ಹಿಡಿದರೆ ದಿನಗಟ್ಟಲೆ ಕಿಟಕಿ ತೆರೆಯುವಂತಿಲ್ಲ. ಬೆಳಗಾವಿಯ ಚಳಿಗಾಲದ ರಾತ್ರಿಗಳಲ್ಲೂ ಇದೇ ಪಾಡು. ಹೀಗೆ ಮುಚ್ಚಿದ ಕೋಣೆಯಲ್ಲಿ ತೇವ, ಹೊಗೆಯ ಜೊತೆ ರೇಡಾನ್ ಎಂಬ ವಿಕಿರಣಶೀಲ ಅನಿಲವೂ ಕೂಡಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಕಲ್ಲು, ಮಣ್ಣುಗಳಲ್ಲಿ ಅತ್ಯಲ್ಪ ಯುರೇನಿಯಂ ಎಲ್ಲೆಡೆ ಇದೆ. ಅದು ಕ್ಷಯಿಸುತ್ತಾ ರೇಡಿಯಂ ಆಗುತ್ತದೆ, ರೇಡಿಯಂನಿಂದ ರೇಡಾನ್ ಹುಟ್ಟಿ ನೆಲದ ಬಿರುಕುಗಳಿಂದ ಮನೆಯೊಳಗೆ ನುಸುಳುತ್ತದೆ. ಬೆಳಗಾವಿ ಸುತ್ತಲಿನ ಕಪ್ಪು ಬಸಾಲ್ಟ್ ಕಲ್ಲಿನಲ್ಲಿ ಯುರೇನಿಯಂ ಕಡಿಮೆ, ಗ್ರಾನೈಟಿನಲ್ಲಿ ಹೆಚ್ಚು. ಆದರೂ ಕಲ್ಲಿಗಿಂತ ಗಾಳಿಯಾಟವೇ ಎಷ್ಟೋ ಮನೆಗಳಲ್ಲಿ ವ್ಯತ್ಯಾಸ ಮಾಡುತ್ತದೆ.

ಉಸಿರಾಡಿದ ರೇಡಾನ್‌ನ ಬಹುಪಾಲು ಹಾಗೆಯೇ ಹೊರಬರುತ್ತದೆ. ಸ್ವಲ್ಪ ರಕ್ತದಲ್ಲಿ ಕರಗಿ ಬೇರೆ ಅಂಗಗಳಿಗೂ ಹೋಗುತ್ತದೆ, ಆದರೆ ಅಲ್ಲಿ ಬೀಳುವ ಪ್ರಮಾಣ ಬಹಳ ಕಡಿಮೆ. ತೊಂದರೆ ಕೊಡುವುದು ಅದರ ಸಂತತಿ. ರೇಡಾನ್ ಕ್ಷಯಿಸಿ ಹುಟ್ಟುವ ಪೊಲೋನಿಯಂ ಕಣಗಳು ಧೂಳಿಗೆ, ಹೊಗೆಗೆ ಅಂಟಿ ಶ್ವಾಸನಾಳದ ಒಳಗೋಡೆಯಲ್ಲಿ ಕೂರುತ್ತವೆ. ಅಲ್ಲಿಂದ ಹೊರಡುವ ಆಲ್ಫಾ ಕಿರಣ ಕೂದಲೆಳೆಯಷ್ಟು ದೂರವೂ ಸರಿಯಾಗಿ ಸಾಗದು. ಶಕ್ತಿಯೆಲ್ಲ ಅಲ್ಲಿನ ಜೀವಕೋಶಗಳ ಮೇಲೇ ಬೀಳುತ್ತದೆ.

ವಿಜ್ಞಾನಿಗಳ ಲೆಕ್ಕ ಹೀಗಿದೆ. ಸಣ್ಣ ಡಬ್ಬಿಯಲ್ಲಿ ಪ್ಲಾಸ್ಟಿಕ್ ಫಿಲ್ಮ್ ಇಟ್ಟು ಸುಮಾರು 3 ತಿಂಗಳು ಕೋಣೆಯಲ್ಲಿ ತೂಗುಹಾಕುತ್ತಾರೆ. ಅದರ ಮೇಲೆ ಆಲ್ಫಾ ಕಣಗಳು ಕೊರೆದ ಗುರುತುಗಳನ್ನು ಎಣಿಸಿ, ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಬೆಕೆರೆಲ್ ರೇಡಾನ್ ಇದೆಯೆಂದು ತಿಳಿಯುತ್ತಾರೆ. ಜಾಗತಿಕ ಸರಾಸರಿ ಸುಮಾರು 40. ವರ್ಷಕ್ಕೆ 7000 ಗಂಟೆ ಮನೆಯಲ್ಲಿದ್ದವರಿಗೆ ಅಷ್ಟರಿಂದ ಸುಮಾರು 1 ಮಿಲಿಸೀವರ್ಟ್ ಎಂದು ಲೆಕ್ಕ. ಇದು ಇಡೀ ದೇಹಕ್ಕೆ ಹೊಂದಿಸಿದ ಅಂಕಿ. ಶ್ವಾಸಕೋಶವೊಂದನ್ನೇ ನೋಡಿದರೆ ಅದು ಸುಮಾರು 8! ದಿನವಿಡೀ ಹೊರಗೆ ದುಡಿಯುವವರಿಗಿಂತ ಮನೆಯಲ್ಲೇ ಇರುವ ತಾಯಂದಿರು, ಹಿರಿಯರು, ಮಕ್ಕಳ ಗಂಟೆಗಳು ಹೆಚ್ಚೆಂಬುದನ್ನು ಮರೆಯಬೇಡಿ.

ವಿಶ್ವ ಆರೋಗ್ಯ ಸಂಸ್ಥೆ 100 ಬೆಕೆರೆಲ್ ಮಿತಿ ಸೂಚಿಸುತ್ತದೆ, ಅದು ಸಾಧ್ಯವಾಗದ ಕಡೆ 300 ಮೀರಬಾರದು. ಪ್ರತಿ 100 ಹೆಚ್ಚಿದಂತೆ ಶ್ವಾಸಕೋಶ ಕ್ಯಾನ್ಸರಿನ ಅಪಾಯ ಸುಮಾರು ಶೇ. 16 ಏರುತ್ತದೆ. ಧೂಮಪಾನಿಗಳಿಗೆ ರೇಡಾನ್‌ನಿಂದಾಗುವ ಅಪಾಯ ಸೇದದವರಿಗಿಂತ ಸುಮಾರು 25 ಪಟ್ಟು. ಹಾಗಾಗಿ ಬೀಡಿ ಬಿಡದೆ ಬರೀ ರೇಡಾನ್‌ಗೆ ಹೆದರುವುದರಲ್ಲಿ ಅರ್ಥವಿಲ್ಲ.

ರಾತ್ರಿ ಮುಚ್ಚಿದ ಕೋಣೆಯಲ್ಲಿ ಸಾಮಾನ್ಯವಾಗಿ ಬೆಳಗಿನ ಜಾವಕ್ಕೆ ರೇಡಾನ್ ಅತಿ ಹೆಚ್ಚಿರುತ್ತದೆ. ಫಜ್ರ್‌ಗೆ ಎದ್ದವರು ಎದುರುಬದುರಿನ ಕಿಟಕಿಗಳನ್ನು ತೆರೆದಿಡಿ, ಮಳೆ ಬಿಡುವು ಕೊಟ್ಟಾಗಲೂ ಹಾಗೆಯೇ ಮಾಡಿ. ಅಡುಗೆಮನೆಯ ಹೊಗೆ ಹೊರಹೋಗಲು ದಾರಿ ಇರಲಿ. ನೆಲ ಮತ್ತು ಗೋಡೆ ಸೇರುವ ಕಡೆಯ ಬಿರುಕುಗಳಿಗೆ ಸಿಮೆಂಟ್ ತುಂಬಿಸಿ.