ಸ್ವಿಚ್ ಒಳಗೆ ಬಿಡದಿದ್ದಾಗ

ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿ ರಾತ್ರಿ ಎಂಟೂವರೆಯಾದಾಗ ಬೆಂಗಳೂರಿನಲ್ಲಿ ಸಂಜೆ ಆರು ಗಂಟೆ. ಶನಿವಾರ ಆ ಹೊತ್ತಿಗೆ ನಾನು ಗ್ಯಾರೇಜಿನಲ್ಲಿ ಹಳೆಯ ಸಿಸ್ಕೋ ಸ್ವಿಚ್ಚಿನ ಮುಂದೆ ಕೂರುತ್ತೇನೆ. ಬೆಂಗಳೂರಿನಲ್ಲಿ ನನ್ನ ತಂಗಿಯ ಮಗ, ಸಿಸಿಎನ್‌ಎ ಪರೀಕ್ಷೆಗೆ ಓದುತ್ತಿರುವವನು, ಪ್ಯಾಕೆಟ್ ಟ್ರೇಸರ್ ಸಿಮ್ಯುಲೇಟರ್ ತೆರೆದು ಕೂರುತ್ತಾನೆ. ಒಮ್ಮೆ ಅವನು ಸೋತ ದನಿಯಲ್ಲಿ ಹೇಳಿದ: “ಮಾವ, ಕನ್ಸೋಲ್ ಕೇಬಲ್‌ನಲ್ಲಿ ಸ್ವಿಚ್ ಸಿಗುತ್ತೆ, ಎಸ್‌ಎಸ್‌ಎಚ್ ಮಾಡಿದ್ರೆ ಸಿಗಲ್ಲ. ಒಂದು ಗಂಟೆಯಿಂದ ಐಪಿ ವಿಳಾಸ ಬದಲಾಯಿಸ್ತಾನೇ ಇದ್ದೀನಿ.”

“ಪರದೆ ಮೇಲೆ ಏನು ಬಂತು? ಇದ್ದದ್ದು ಇದ್ದ ಹಾಗೆ ಓದು” ಎಂದೆ.

ಲ್ಯಾಬ್ ಅಭ್ಯಾಸದಲ್ಲಿ ನಾವು ಹೆಚ್ಚು ಕಡೆಗಣಿಸುವುದು ಆ ಒಂದು ಸಾಲನ್ನು. ಸ್ವಿಚ್ಚನ್ನು ಒಂದು ಮನೆ ಎಂದುಕೊಳ್ಳಿ. ನೀವು ದಾರಿಯಲ್ಲೇ ನಿಂತಿದ್ದೀರೋ, ಬಾಗಿಲವರೆಗೆ ಹೋಗಿದ್ದೀರೋ, ಹೊಸ್ತಿಲಲ್ಲಿ ನಿಂತಿದ್ದೀರೋ ಎಂಬುದನ್ನು ಆ ಸಾಲೇ ಹೇಳುತ್ತದೆ.

ಟೈಮ್ಡ್ ಔಟ್: ಮನೆಯೇ ಸಿಕ್ಕಿಲ್ಲ

ಉತ್ತರವೇ ಬಾರದಿದ್ದರೆ ಪಾಸ್‌ವರ್ಡ್ ತಂಟೆಗೆ ಹೋಗಬೇಡಿ, ದಾರಿ ನೋಡಿ. 2960ರಂಥ ಲೇಯರ್ 2 ಸ್ವಿಚ್ಚಿನಲ್ಲಿ ಐಪಿ ವಿಳಾಸವನ್ನು ಕೇಬಲ್ ಸಿಕ್ಕಿಸುವ ಪೋರ್ಟಿಗೆ ಕೊಡುವುದಿಲ್ಲ, ವಿಲ್ಯಾನ್ ಇಂಟರ್‌ಫೇಸಿಗೆ ಕೊಡುತ್ತೇವೆ. ‘ಶೋ ಐಪಿ ಇಂಟರ್‌ಫೇಸ್ ಬ್ರೀಫ್’ ಹೊಡೆದು ಆ ಸಾಲನ್ನು ಹುಡುಕಿ. ‘ಅಡ್ಮಿನಿಸ್ಟ್ರೇಟಿವ್ಲಿ ಡೌನ್’ ಎಂದಿದ್ದರೆ ‘ನೋ ಶಟ್‌ಡೌನ್’ ಕೊಡುವುದು ಮರೆತಿದ್ದೀರಿ. ಸ್ಟೇಟಸ್ ಅಪ್ ಇದ್ದು ಪ್ರೋಟೋಕಾಲ್ ಡೌನ್ ಇದ್ದರೆ ಆ ವಿಲ್ಯಾನ್‌ನಲ್ಲಿ ಜೀವಂತ ಪೋರ್ಟ್ ಒಂದೂ ಇಲ್ಲ. ಹೆಚ್ಚಾಗಿ ಕಂಪ್ಯೂಟರಿನ ಪೋರ್ಟ್ ಬೇರೊಂದು ವಿಲ್ಯಾನ್‌ಗೆ ಸೇರಿರುತ್ತದೆ.

ಕೇಬಲ್ ಸಿಕ್ಕಿಸಿದ ಕೂಡಲೇ ಪಿಂಗ್ ಮಾಡಿ ನಿರಾಶರಾಗಬೇಡಿ. ಸ್ಪ್ಯಾನಿಂಗ್ ಟ್ರೀ ಸುಮಾರು 30 ಸೆಕೆಂಡ್ ಕಾಯಿಸುತ್ತದೆ, ಕಿತ್ತಳೆ ದೀಪ ಹಸಿರಾಗಲಿ. ಪಿಂಗನ್ನು ಕಂಪ್ಯೂಟರಿನಿಂದ ಸ್ವಿಚ್ಚಿಗೆ ಮಾಡಿ. ತಿರುಗಿ ಮಾಡಿದರೆ ವಿಂಡೋಸ್ ಫೈರ್‌ವಾಲ್ ತಡೆದು ನಿಮ್ಮ ದಾರಿ ತಪ್ಪಿಸಬಹುದು. ಕಂಪ್ಯೂಟರ್ ಬೇರೆ ಸಬ್‌ನೆಟ್‌ನಲ್ಲಿದ್ದರೆ ಸ್ವಿಚ್ಚಿನಲ್ಲಿ ‘ಐಪಿ ಡಿಫಾಲ್ಟ್ ಗೇಟ್‌ವೇ’ ಇರಲೇಬೇಕು. ಇಲ್ಲದಿದ್ದರೆ ನಿಮ್ಮ ಮಾತು ಸ್ವಿಚ್ಚಿಗೆ ಮುಟ್ಟುತ್ತದೆ, ಅದರ ಉತ್ತರಕ್ಕೆ ವಾಪಸ್ ಬರುವ ದಾರಿ ತಿಳಿಯುವುದಿಲ್ಲ.

ರಿಫ್ಯೂಸ್ಡ್: ಬಾಗಿಲು ಮುಚ್ಚಿದೆ

ನಿರಾಕರಣೆ ಒಳ್ಳೆಯ ಸುದ್ದಿ. ಆ ವಿಳಾಸದಲ್ಲಿ ಯಾರೋ ಇದ್ದಾರೆ, ನಿಮ್ಮ ಮಾತು ಅವರಿಗೆ ತಲುಪಿದೆ. ಎಸ್‌ಎಸ್‌ಎಚ್‌ನ ಬಾಗಿಲು ಪೋರ್ಟ್ 22, ಟೆಲ್ನೆಟ್‌ನದು 23. ಎಸ್‌ಎಸ್‌ಎಚ್ ಬಾಗಿಲು ತೆರೆಯಲು ಸ್ವಿಚ್ಚಿನ ಬಳಿ ಆರ್‌ಎಸ್‌ಎ ಕೀ ಇರಬೇಕು. ಕೀ ಹುಟ್ಟಬೇಕಾದರೆ ಮೊದಲು ‘ಸ್ವಿಚ್’ ಎಂಬ ಹುಟ್ಟುಹೆಸರು ಬಿಟ್ಟು ಬೇರೆ ಹೋಸ್ಟ್‌ನೇಮ್ ಕೊಡಿ, ಡೊಮೇನ್ ಹೆಸರು ಕೊಡಿ, ಆಮೇಲೆ ‘ಕ್ರಿಪ್ಟೋ ಕೀ ಜನರೇಟ್ ಆರ್‌ಎಸ್‌ಎ’. ಎಸ್‌ಎಸ್‌ಎಚ್ ಆವೃತ್ತಿ 2ಕ್ಕೆ ಕನಿಷ್ಠ 768 ಬಿಟ್ ಬೇಕು, 2048 ಕೊಡುವುದು ಒಳ್ಳೆಯದು. ವಿಟಿವೈ ಲೈನುಗಳಲ್ಲಿ ‘ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಎಸ್‌ಎಸ್‌ಎಚ್’ ಇದೆಯೇ ನೋಡಿ.

ಬಾಗಿಲು ತೆರೆದರೂ ಒಳಗೆ ಬಿಡದಿದ್ದರೆ

ಪಾಸ್‌ವರ್ಡ್ ಕೇಳುವವರೆಗೆ ಬಂದಿದ್ದರೆ ದಾರಿಯೂ ಬಾಗಿಲೂ ಸರಿಯಾಗಿವೆ, ಉಳಿದಿರುವುದು ಗುರುತಿನ ಪ್ರಶ್ನೆ. ‘ಲಾಗಿನ್ ಲೋಕಲ್’ ಕೊಟ್ಟು ಯೂಸರ್‌ನೇಮ್ ಸೃಷ್ಟಿಸದೆ ಬಿಟ್ಟವರು ಬಹಳ. ‘ಎನೇಬಲ್ ಸೀಕ್ರೆಟ್’ ಇಡದಿದ್ದರೆ ಕನ್ಸೋಲಿನಲ್ಲಿ ಸಿಗುವ ‘ಎನೇಬಲ್’ ಅಧಿಕಾರ ದೂರದಿಂದ ಬಂದವರಿಗೆ ಸಿಗುವುದಿಲ್ಲ.

ಹಳೆಯ ಸ್ವಿಚ್ ಕೊಂಡವರಿಗೆ ಇನ್ನೊಂದು ತೊಡಕಿದೆ: ‘ನೋ ಮ್ಯಾಚಿಂಗ್ ಕೀ ಎಕ್ಸ್‌ಚೇಂಜ್’. ನಿಮ್ಮ ಸೆಟ್ಟಿಂಗ್‌ನಲ್ಲಿ ತಪ್ಪಿಲ್ಲ. ದುರ್ಬಲವಾದ ಹಳೆಯ ವಿಧಾನಗಳನ್ನು ಓಪನ್‌ಎಸ್‌ಎಸ್‌ಎಚ್ 2015ರ 7.0 ಆವೃತ್ತಿಯಲ್ಲೂ 2021ರ 8.8 ಆವೃತ್ತಿಯಲ್ಲೂ ತಾನಾಗಿ ಬಳಸುವುದನ್ನು ನಿಲ್ಲಿಸಿತು. ಲ್ಯಾಪ್‌ಟಾಪಿನ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿನಲ್ಲಿ ಆ ಒಂದು ಸ್ವಿಚ್ಚಿನ ವಿಳಾಸಕ್ಕೆ ಮಾತ್ರ ಹಳೆಯ ವಿಧಾನಕ್ಕೆ ಅನುಮತಿ ಕೊಡಿ, ಎಲ್ಲಕ್ಕೂ ಬೇಡ.

ಎರಡು ಎಚ್ಚರಿಕೆ. ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಬಚ್ಚಿಡದೆ ತಂತಿಯ ಮೇಲೆ ಹೋಗುತ್ತದೆ, ಕಲಿಯಲು ನೋಡಿ ಮುಚ್ಚಿಬಿಡಿ. ಊರಿನಲ್ಲಿರುವವರಿಗೆ ತೋರಿಸಬೇಕೆಂದು ಮನೆಯ ರೂಟರಿನಲ್ಲಿ ಪೋರ್ಟ್ ತೆರೆದು ಸ್ವಿಚ್ಚನ್ನು ಇಂಟರ್‌ನೆಟ್ಟಿಗೆ ಒಡ್ಡಬೇಡಿ. ಅದಕ್ಕೆ ವಿಪಿಎನ್ ಬಳಸಿ, ಇಲ್ಲವೇ ನನ್ನಂತೆ ಪರದೆ ಹಂಚಿಕೊಳ್ಳಿ.

ಅಂದು ತಂಗಿಯ ಮಗ ಓದಿದ ಸಾಲು ‘ಕನೆಕ್ಷನ್ ರಿಫ್ಯೂಸ್ಡ್’. ಒಂದು ಗಂಟೆಯಿಂದ ಅವನು ಬದಲಾಯಿಸುತ್ತಿದ್ದ ವಿಳಾಸದಲ್ಲಿ ತಪ್ಪೇ ಇರಲಿಲ್ಲ. ಹೋಸ್ಟ್‌ನೇಮ್ ಇನ್ನೂ ‘ಸ್ವಿಚ್’ ಆಗಿತ್ತು, ಕೀ ಹುಟ್ಟಿರಲಿಲ್ಲ. ಎರಡು ನಿಮಿಷದ ಕೆಲಸ.

ಈಗ ಪ್ರತಿ ಶನಿವಾರ ಒಂದೇ ಒಂದು ತಪ್ಪು ಬೆರೆಸಿದ ಲ್ಯಾಬ್ ಫೈಲ್ ಅವನಿಗೆ ಕಳಿಸುತ್ತೇನೆ. ಏನನ್ನೂ ಬದಲಾಯಿಸುವ ಮೊದಲು ಪರದೆಯ ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು, ತಪ್ಪು ಎಲ್ಲಿದೆಯೆಂದು ಹೇಳಬೇಕು, ಆಮೇಲೆ ಕೈ ಹಾಕಬೇಕು. ಆ ನೋಟ್‌ಬುಕ್ ಅರ್ಧ ತುಂಬಿದೆ.